ಹಾಲಿಲ್ಲದ ಬಾದಾಮಿ ಹಾಲು

ನಮ್ಮದು ಹಾಲಿನ ಮನೆ. ನಂಗಲಿಯಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆ ಎದ್ದು ಎರಡು ಸೀಮೆಹಸುಗಳ ಹಾಲು ಕರೆದು, ಕ್ಯಾನಿಗೆ ಸುರಿದು ಡೇರಿಗೆ ಹಾಕಿ ಬರೋದು ಅಮ್ಮನ ಕೆಲಸ. ಅಂಥ ಅಮ್ಮನಿಗೇ ಹಾಲು ಆಗೋದಿಲ್ಲ ಅಂತ ನಮಗೆ ಗೊತ್ತಾಗಿದ್ದು ಕಳೆದ ವರ್ಷ.

ಮದುವೆ ಮನೆಯಲ್ಲಿ ಪಾಯಸ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಕಾಫಿ ಕೊಟ್ಟು ತಾವು ಬೆಲ್ಲದ ನೀರು ಕುಡಿಯುತ್ತಿದ್ದರು. ಕೇಳಿದರೆ "ನಂಗೆ ಇಷ್ಟ ಇಲ್ಲ ಬಿಡೇ" ಅಷ್ಟೇ. ಹೊಟ್ಟೆ ಉಬ್ಬರ ಜಾಸ್ತಿಯಾಗಿ ಕೋಲಾರದಲ್ಲಿ ಡಾಕ್ಟರಿಗೆ ತೋರಿಸಿದಾಗ ವಿಷಯ ಹೊರಗೆ ಬಂತು. ಹಾಲಿನಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆಯನ್ನು ಒಡೆಯೋ ಕಿಣ್ವ ದೊಡ್ಡವರಾಗುತ್ತಾ ಕೆಲವರಲ್ಲಿ ಕಡಿಮೆಯಾಗುತ್ತೆ. ದಕ್ಷಿಣ ಭಾರತದಲ್ಲಿ ಇದೇನೂ ಅಪರೂಪ ಅಲ್ಲ, ಚೀನಾದಲ್ಲಂತೂ ದೊಡ್ಡವರಲ್ಲಿ ಬಹುಪಾಲು ಜನಕ್ಕೆ ಹೀಗೇ. ಆದರೆ ಅಮ್ಮನಿಗೆ ನಾಚಿಕೆ. "ಡೇರಿಯವರ ಕಿವಿಗೆ ಬಿದ್ದರೆ ನಗಲ್ವಾ?" ಅಂದರು.

ಚೀನಾದ ಮಾತು ಸುಮ್ಮನೆ ತೆಗೆದಿದ್ದಲ್ಲ. ಬೆಂಗಳೂರಿನಲ್ಲಿ ಆಫೀಸಿನವರ ಜೊತೆ ಊಟಕ್ಕೆ ಹೋದಾಗ ಕೊನೆಗೆ ಒಂದು ಬಟ್ಟಲು ತಂದಿಟ್ಟರು. ಸಕ್ಕರೆ ನೀರಿನಲ್ಲಿ ಬಿಳಿ ತುಂಡುಗಳು, ನೋಡೋಕೆ ಪನೀರ್, ಬಾಯಿಗಿಟ್ಟರೆ ಬಾದಾಮಿ ಘಮ. ಹೆಸರು ಬಾದಾಮಿ ತೋಫು. ಸೋಯಾ ಇಲ್ಲ, ತೋಫುವಿನ ಥರ ಕಾಣುತ್ತೆ ಅಂತ ಆ ಹೆಸರು. ಇದರ ಅಣ್ಣನ ಥರದ್ದು ಶಿಂಗ್‌ರೆನ್ ಚಾ: ಬೀಜವನ್ನೂ ಅಕ್ಕಿಯನ್ನೂ ನೆನೆಸಿ, ರುಬ್ಬಿ, ಸೋಸಿ, ಗಂಜಿಯ ಹಾಗೆ ಕಾಯಿಸಿ ಬಿಸಿಬಿಸಿ ಕುಡಿಯೋದು. 'ಚಾ' ಅಂದರೂ ಚಹಾ ಸೊಪ್ಪು ಇಲ್ಲ, ಹಾಲೂ ಇಲ್ಲ. ನನಗೆ ತಕ್ಷಣ ನೆನಪಾಗಿದ್ದು ಅಮ್ಮನ ಬೆಲ್ಲದ ನೀರು.

ನಂಗಲಿಯಲ್ಲಿ ಚೈನೀಸ್ ಅಂದರೆ ಹೈವೇ ಪಕ್ಕದ ಗೋಬಿ ಮಂಚೂರಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಪೂರ್ವದ ಗಡಿ ಅಂತ ಬರೋ ಊರು ನಮ್ಮದು. ಈಗಲೂ ಗಡಿಯೇ, ದಾಟಿದರೆ ಪಲಮನೇರಿನ ಕಡೆ. ಬೀದಿಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹಾಗಾಗಿ ಸಾಮಾನೆಲ್ಲ ಬೆಂಗಳೂರಿನಿಂದಲೇ ಹೊತ್ತುಕೊಂಡು ಹೋಗೋಣ ಅಂತ ಆನ್‌ಲೈನಿನಲ್ಲಿ 'ಚೈನೀಸ್ ಬಾದಾಮಿ' ಒಂದು ಪೊಟ್ಟಣ ತರಿಸಿದೆ. ಚಪ್ಪಟೆ, ಚಿಕ್ಕದು, ಹೃದಯದ ಆಕಾರ. ಪೊಟ್ಟಣದ ಮೇಲೆ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ.

ಶನಿವಾರ ರಾತ್ರಿ ನೆನೆಹಾಕಿದೆ. ಭಾನುವಾರ ಬೆಳಿಗ್ಗೆ ಅಮ್ಮ ಡೇರಿಯಿಂದ ಬಂದವರು ಸಿಪ್ಪೆ ಸುಲಿಯೋಕೆ ಕೂತು, ಒಂದನ್ನು ಹಲ್ಲಿಗೆ ಹಾಕಿ ತಕ್ಷಣ ಉಗಿದರು. "ಥೂ, ಚೇದು!" ಗಡಿ ಕಡೆಯವರಿಗೆ ಗೊತ್ತಿರುತ್ತೆ, ತೆಲುಗಿನಲ್ಲಿ ಚೇದು ಅಂದರೆ ಕಹಿ. ಇನ್ನೊಂದು ಕಚ್ಚಿದರು, ಅದೂ ಚೇದು. ಒಂದು ಮಾತೂ ಆಡದೆ ಬಟ್ಟಲು ಎತ್ತಿಕೊಂಡು ಹೋಗಿ ಅಷ್ಟನ್ನೂ ತಿಪ್ಪೆಗೆ ಸುರಿದು ಬಂದರು. ಹಸು ಬಾಯಿ ಹಾಕದ ಹಾಗೆ ಮೇಲೆ ಮಣ್ಣು ಬೇರೆ ಎಳೆದರು. ನನಗೆ ಸಿಟ್ಟು ಬಂತು. "ಅಮ್ಮ, ಕಾಯಿಸಿದ ಮೇಲೆ ಸರಿ ಹೋಗ್ತಿತ್ತು, ಎಷ್ಟು ದುಡ್ಡು ಗೊತ್ತಾ?"

"ಬಾದಾಮಿ ಕಹಿ ಇದ್ರೆ ನುಂಗಬಾರದು ಅಂತ ನಮ್ಮಜ್ಜಿ ಹೇಳೋರು. ಮಗು ಇರೋ ಮನೆ," ಅಂದರು. ಅಣ್ಣನ ಮಗಳಿಗೆ ಮೂರು ವರ್ಷ. ಬಟ್ಟಲಿನ ಪಕ್ಕದಲ್ಲೇ ಆಡುತ್ತಿದ್ದಳು.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು, ನನ್ನದೇ ತಪ್ಪು. 'ಶಿಂಗ್‌ರೆನ್' ಬಾದಾಮಿಯೇ ಅಲ್ಲ. ಶಿಂಗ್ ಅಂದರೆ ಏಪ್ರಿಕಾಟ್, ರೆನ್ ಅಂದರೆ ತಿರುಳು. ಹೈದರಾಬಾದಿನ ಖುಬಾನಿ ಕಾ ಮೀಠಾ ತಿಂದವರಿಗೆ ಆ ಹಣ್ಣು ಗೊತ್ತು, ಅದರ ಓಟೆ ಒಡೆದರೆ ಸಿಗೋ ತಿರುಳು ಇದು. ಬಾದಾಮಿಯೂ ಏಪ್ರಿಕಾಟೂ ಒಂದೇ ಬಳಗ. ಚೀನಾದ ಅಂಗಡಿಗಳಲ್ಲಿ ಎರಡು ಥರ ಮಾರುತ್ತಾರೆ, ಸಿಹಿಯದ್ದು 'ದಕ್ಷಿಣದ್ದು', ಕಹಿಯದ್ದು 'ಉತ್ತರದ್ದು'. ಅಲ್ಲಿನವರು ಸಿಹಿಯದ್ದನ್ನೇ ಹೆಚ್ಚು ಹಾಕಿ, ಘಮಕ್ಕೆ ಅಂತ ಕಹಿಯದ್ದನ್ನು ಸ್ವಲ್ಪ ಸೇರಿಸುತ್ತಾರೆ. ಆ ಕಹಿಯಲ್ಲಿರೋದು ಅಮಿಗ್ಡಲಿನ್, ಹೊಟ್ಟೆಯಲ್ಲಿ ಅದು ಒಡೆದರೆ ಸೈನೈಡ್ ಆಗುತ್ತೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ: ಹಸಿ ತಿರುಳು ಚಿಕ್ಕದಾದರೂ ದೊಡ್ಡವರು ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ತಿಂದರೆ ಸುರಕ್ಷಿತ ಮಿತಿ ದಾಟಬಹುದು, ಪುಟ್ಟ ಮಕ್ಕಳಿಗೆ ಒಂದೇ ಸಾಕು. ನೆನೆಸಿ ಕುದಿಸಿದರೆ ವಿಷ ಕಡಿಮೆಯಾಗುತ್ತೆ, ನಿಜ. ಎಷ್ಟು ಕಡಿಮೆಯಾಯಿತು ಅಂತ ನಮ್ಮ ಅಡುಗೆಮನೆಯಲ್ಲಿ ಅಳೆಯೋದು ಹೇಗೆ?

ಮುಳಬಾಗಿಲಿಗೆ ಹೋಗಿ ಮಾಮೂಲಿ ಬಾದಾಮಿ ತಂದೆವು.

ಮಾಡೋದು ಸುಲಭ. ನೂರು ಗ್ರಾಂ ಬಾದಾಮಿ, ಮೂರು ಚಮಚ ದೋಸೆ ಅಕ್ಕಿ, ರಾತ್ರಿಯಿಡೀ ಬೇರೆ ಬೇರೆ ನೆನೆಯಲಿ. ಬಾದಾಮಿ ಸಿಪ್ಪೆ ತೆಗೆಯಿರಿ, ಬರದಿದ್ದರೆ ಎರಡು ನಿಮಿಷ ಬಿಸಿನೀರಿಗೆ ಹಾಕಿ. ಎರಡನ್ನೂ ಸ್ವಲ್ಪವೇ ನೀರಲ್ಲಿ ಮೊದಲು ನುಣ್ಣಗೆ ರುಬ್ಬಿ, ಆಮೇಲೆ ಒಟ್ಟು ಮುಕ್ಕಾಲು ಲೀಟರ್ ಆಗೋ ಹಾಗೆ ನೀರು ಸೇರಿಸಿ ಹಳೇ ಪಂಚೆ ಬಟ್ಟೆಯಲ್ಲಿ ಹಿಂಡಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಹತ್ತು ನಿಮಿಷ ತಿರುವಿ. ಅಕ್ಕಿ ತಳ ಹಿಡಿಯೋದು ಬೇಗ, ಫೋನ್ ಬಂದರೂ ತೆಗೆಯಬೇಡಿ. ಹಸಿ ವಾಸನೆ ಹೋಗಿ, ತೆಳು ಅಂಬಲಿಯ ಹದಕ್ಕೆ ಬಂದಾಗ ಸಕ್ಕರೆ. ನಾಲ್ಕು ಲೋಟ ಆಗುತ್ತೆ. ಹೋಟೆಲಿನ ಆ ಘಮ ನಮ್ಮ ಸಿಹಿ ಬಾದಾಮಿಯಲ್ಲಿ ಬರೋದಿಲ್ಲ, ಬೇಕೇ ಬೇಕು ಅನ್ನೋರು ಬಾದಾಮಿ ಎಸೆನ್ಸ್ ಒಂದು ಹನಿ ಹಾಕಿ. ಏಲಕ್ಕಿ ಹಾಕಬೇಡಿ ಅಂತ ನಾನು ಹೇಳುತ್ತೇನೆ, ಅಮ್ಮ ಹಾಕಿದರು.

ಹಿಂಡಿ ಉಳಿದ ಚರಟ ದೋಸೆ ಹಿಟ್ಟಿಗೆ ಹೋಗಲಿ ಅಂತಿದ್ದೆ. ಅಷ್ಟರಲ್ಲಿ ಅಮ್ಮ ಅದನ್ನು ಹಸುವಿನ ಬೂಸಕ್ಕೆ ಬೆರೆಸಿಯಾಗಿತ್ತು. ನಮ್ಮ ಹಸು ಅಷ್ಟು ದುಬಾರಿ ತಿಂಡಿ ಇನ್ಯಾವತ್ತೂ ತಿಂದಿಲ್ಲ.

ತೋಫುವಿಗೆ ಅಕ್ಕಿ ಬೇಡ. ಬರೀ ಬಾದಾಮಿ ರುಬ್ಬಿ ಸೋಸಿದ ಅರ್ಧ ಲೀಟರಿಗೆ ಐದು ಗ್ರಾಂ ಚೈನಾ ಗ್ರಾಸ್. ಹೆಸರಲ್ಲಿ ಚೈನಾ ಇದ್ದರೂ ಇದು ಸಮುದ್ರದ ಪಾಚಿಯಿಂದ ಮಾಡೋದು, ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲೂ ಆ ಪಾಚಿ ತೆಗೆಯುತ್ತಾರೆ. ಜೆಲಟಿನ್ ಥರ ಪ್ರಾಣಿ ಮೂಲದ್ದಲ್ಲ. ಎಳೆಗಳನ್ನು ಒಂದು ಲೋಟ ನೀರಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಲ್ಲಿ ಪೂರ್ತಿ ಕರಗೋವರೆಗೆ ಕುದಿಸಿ. ಬಾದಾಮಿ ಹಾಲು, ಸಕ್ಕರೆ ಬೇರೆ ಪಾತ್ರೆಯಲ್ಲಿ ಚೆನ್ನಾಗಿ ಬಿಸಿಯಾಗಿರಬೇಕು. ನಾನು ಮೊದಲ ಸಲ ತಣ್ಣನೆ ಹಾಲಿಗೆ ಸುರಿದೆ, ಶಾವಿಗೆ ಶಾವಿಗೆಯಾಗಿ ಹೆಪ್ಪುಗಟ್ಟಿತು. ಅಣ್ಣ "ಇದು ನೂಡಲ್ಸಾ?" ಅಂದ. ಸುಮಾರು 40 ಡಿಗ್ರಿಗೆ ಇಳಿದರೆ ತಾನೇ ಗಟ್ಟಿಯಾಗೋದರಿಂದ ಫ್ರಿಜ್ಜೂ ಬೇಡ. ಕರೆಂಟ್ ಇಲ್ಲದ ಮಧ್ಯಾಹ್ನದಲ್ಲೂ ತಟ್ಟೆಯಲ್ಲಿ ಕೂತುಕೊಂಡಿತು. ಕಜ್ಜಾಯದ ತಟ್ಟೆಯಲ್ಲೇ ಬರ್ಫಿ ಹಾಗೆ ಕತ್ತರಿಸಿ, ಶ್ರೀನಿವಾಸಪುರದ ಬಾದಾಮಿ ಮಾವು ಹೆಚ್ಚಿ ಸೇರಿಸಿದೆ. ಬಾದಾಮಿಗೆ ಬಾದಾಮಿ!

ಒಂದು ಮಾತು, ಇದು ಹಾಲಿಗೆ ಬದಲಿ ಅಂತ ಮಕ್ಕಳಿಗೆ ಕೊಡಬೇಡಿ. ಇದರಲ್ಲಿ ಹಾಲಿನಷ್ಟು ಕ್ಯಾಲ್ಸಿಯಂ ಇಲ್ಲ, ಪ್ರೋಟೀನೂ ಇಲ್ಲ. ಅಮ್ಮನ ಕ್ಯಾಲ್ಸಿಯಂಗೆ ರಾಗಿಮುದ್ದೆ ಇದೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಮಜ್ಜಿಗೆ ಸ್ವಲ್ಪ ಸ್ವಲ್ಪ ಒಗ್ಗುತ್ತೆ ಅಂತ ಡಾಕ್ಟರೂ ಹೇಳಿದ್ದಾರೆ. ಬಾದಾಮಿ ಅಲರ್ಜಿ ಇರೋರಿಗಂತೂ ಇದು ಬೇಡವೇ ಬೇಡ.

ಅವತ್ತು ಸಂಜೆ ಅಮ್ಮ ಜಗಲಿ ಮೇಲೆ ಲೋಟ ಹಿಡಿದು ಕೂತಿದ್ದಾಗ ಪಕ್ಕದ ಮನೆ ಅಜ್ಜಿ ಬಂದು ತೆಲುಗಿನಲ್ಲಿ ಏನಿದು ಅಂತ ಕೇಳಿದರು. "ಬಾದಾಮಿ ಹಾಲು. ನನಗೆ ಹಸುವಿನ ಹಾಲು ಆಗಲ್ಲ," ಅಂದರು ಅಮ್ಮ. ಹೊರಗಿನವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಅಜ್ಜಿ ಒಂದು ಗುಟುಕು ರುಚಿ ನೋಡಿ, ಏಲಕ್ಕಿ ಸಾಲದು ಅಂದರು.

ಮೊನ್ನೆ ಫೋನ್ ಬಂತು. "ಬರೋವಾಗ ಚೈನಾ ಗ್ರಾಸ್ ಎರಡು ಪೊಟ್ಟಣ ತಗೊಂಡು ಬಾ. ಬಾದಾಮಿ ನೀನು ತರಬೇಡ, ನಾನೇ ಕಚ್ಚಿ ನೋಡಿ ತರ್ತೀನಿ."