ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು

"ನಮ್ಮ ಮನೆಯಲ್ಲಿ ಹುಚ್ಚರು ಯಾರೂ ಇಲ್ಲ." ಬ್ರಿಟನ್ನಿನ ಎಷ್ಟೋ ಕೆರಿಬಿಯನ್ ಮನೆಗಳಲ್ಲಿ ಮಗ ನಿದ್ದೆಗೆಟ್ಟು ಗೋಡೆಯ ಜೊತೆ ಮಾತಾಡುತ್ತಿದ್ದರೂ ಹೊರಗಿನವರಿಗೆ ಸಿಗುವ ಉತ್ತರ ಇಂಥದ್ದೇ.

ಪ್ರಿಯ ಯುವಮಿತ್ರರೇ, ಈ ಮೌನಕ್ಕೆ ಕಾರಣಗಳಿವೆ. 1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಇಂಗ್ಲೆಂಡಿನ ಟಿಲ್‌ಬರಿ ಬಂದರಿಗೆ ಬಂತು. ಆಮೇಲಿನ ವರ್ಷಗಳಲ್ಲಿ ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್‌ಗಳಿಂದ ಸಾವಿರಾರು ಜನ ಬಂದು ಆಸ್ಪತ್ರೆ, ಬಸ್ಸು, ರೈಲುಗಳಲ್ಲಿ ದುಡಿದರು. ಕಪ್ಪು ಬಣ್ಣದವರೆಂದು ಬಾಡಿಗೆ ಮನೆ ಸಿಗದ ಅವಮಾನ ನುಂಗಿದರು. ಅನೇಕರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದು, ವರ್ಷಗಳ ನಂತರ ಕರೆಸಿಕೊಂಡರು. ಇಷ್ಟೆಲ್ಲ ಸಹಿಸಿದವರಿಗೆ "ಮನಸ್ಸು ಸರಿಯಿಲ್ಲ" ಎನ್ನುವುದು ಸೋಲೊಪ್ಪಿದಂತೆ ಕಾಣುತ್ತದೆ.

ಆಸ್ಪತ್ರೆಯ ಭಯವೂ ಸುಳ್ಳಲ್ಲ. ಜಮೈಕಾದಲ್ಲಿ ಹುಟ್ಟಿದ ಡೇವಿಡ್ ಬೆನೆಟ್ 1998ರಲ್ಲಿ ನಾರ್ವಿಚ್‌ನ ಮಾನಸಿಕ ಚಿಕಿತ್ಸಾ ಕೇಂದ್ರವೊಂದರಲ್ಲಿ, ಸಿಬ್ಬಂದಿ ನೆಲಕ್ಕೆ ಒತ್ತಿ ಹಿಡಿದ ಮೇಲೆ ತೀರಿಕೊಂಡರು. ಆರೋಗ್ಯ ಸೇವೆಯಲ್ಲಿ ಜನಾಂಗಭೇದ ಬೇರೂರಿದೆ ಎಂದು ವಿಚಾರಣಾ ವರದಿಯೇ ಹೇಳಿತು.

ಆದರೆ ಬಚ್ಚಿಟ್ಟ ಕಾಯಿಲೆ ಗುಣವಾಗುತ್ತದೆಯೇ? ಒಳಗೊಳಗೇ ಬೆಳೆದು, ಕೊನೆಗೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯಡಿ ಬಲವಂತವಾಗಿ ಆಸ್ಪತ್ರೆ ಸೇರುವ ಪ್ರಮಾಣ ಕಪ್ಪು ಜನಾಂಗದವರಲ್ಲಿ ಬಿಳಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು. ಇದಕ್ಕೆ ಮೌನವೊಂದೇ ಕಾರಣವಲ್ಲ, ನಿಜ. ಆದರೂ ಯಾವ ಆಸ್ಪತ್ರೆಗೆ ಹೆದರಿ ಮಗನನ್ನು ಅಡಗಿಸಿಟ್ಟರೋ, ಅದೇ ಆಸ್ಪತ್ರೆಗೆ ಅವನು ಪೊಲೀಸ್ ಗಾಡಿಯಲ್ಲಿ ಹೋದರೆ ಮನೆಯ ಮರ್ಯಾದೆ ಉಳಿಯಿತೇ?

ಈ ಕುಟುಂಬಗಳಲ್ಲಿ ಅನೇಕರಿಗೆ ಚರ್ಚೇ ಎರಡನೇ ಮನೆ. ಪಾಸ್ಟರ ಮಾತಿಗೆ ಡಾಕ್ಟರ ಮಾತಿಗಿಂತ ತೂಕ ಹೆಚ್ಚು. ಅಲ್ಲಿ ನಿಂತು "ನಿನ್ನ ವಿಶ್ವಾಸ ಸಾಲದು, ಇದು ದೆವ್ವದ ಕಾಟ" ಎನ್ನುವವರನ್ನು ಕೇಳಬೇಕು: ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಡಿ ಅನ್ನುತ್ತೀರಾ? ಪ್ರವಾದಿ ಎಲೀಯ ಸಾವನ್ನು ಬೇಡಿ ಮಲಗಿದಾಗ ದೇವದೂತ ಗದರಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ.

ಆಸ್ಪತ್ರೆ ಅನ್ಯಾಯ ಮಾಡಿದರೆ ಅದನ್ನು ಎದುರಿಸಲಿಕ್ಕೂ ಬಾಯಿ ಬಿಡಲೇಬೇಕು. ಬೆನೆಟ್ ಅವರ ಸಹೋದರಿ ಜೊವಾನಾ ನಾಚಿ ಕೂರಲಿಲ್ಲ, ಎಲ್ಲರೆದುರು ನ್ಯಾಯ ಕೇಳಿದರು. ಪಾಸ್ಟರು ಪ್ರಾರ್ಥಿಸಲಿ. ಆಮೆನ್ ಎಂದ ಮೇಲೆ ಆ ಹುಡುಗನ ಕೈ ಹಿಡಿದು ಕ್ಲಿನಿಕ್ಕಿಗೂ ಜೊತೆಗೆ ಹೋಗಲಿ. ಅದೂ ಸಭಾಸೇವೆಯೇ.