ಹಿಂದಕ್ಕೆ ಸರಿಸಿದ ದನಿ

2006ರ ಕ್ರಿಸ್ಮಸ್ ಹೊತ್ತಿಗೆ ಅಮೆರಿಕದಲ್ಲಿ ತೆರೆಕಂಡ ‘ಡ್ರೀಮ್‌ಗರ್ಲ್ಸ್’ ಚಿತ್ರವನ್ನು ಹಾಡುಗಳಿಗಾಗಿ ನೋಡುವವರೇ ಹೆಚ್ಚು. ನನ್ನನ್ನು ಕಾಡುವವಳು ಎಫಿ. ಡೆಟ್ರಾಯಿಟ್‌ನ ಮೂವರು ಕಪ್ಪು ಯುವತಿಯರ ಗಾಯನ ತಂಡದಲ್ಲಿ ಅವಳದೇ ದೊಡ್ಡ ದನಿ. ಆದರೆ ಬಿಳಿಯ ಶ್ರೋತೃಗಳನ್ನೂ ಟಿ.ವಿ.ಯನ್ನೂ ಒಲಿಸಿಕೊಳ್ಳಲು ಹೊರಟ ಮ್ಯಾನೇಜರ್ ಕರ್ಟಿಸ್, ದಪ್ಪಗಿದ್ದ ಅವಳನ್ನು ಹಿಂದಕ್ಕೆ ಸರಿಸಿ ತೆಳ್ಳಗಿನ ಡೀನಾಳನ್ನು ಮುಂದೆ ನಿಲ್ಲಿಸುತ್ತಾನೆ. ಹಾಡು ಇರುವುದು ಕೇಳುವುದಕ್ಕೋ, ನೋಡುವುದಕ್ಕೋ? ಕೊನೆಗೆ ಅವಳು ತಂಡದಿಂದಲೇ ಹೊರಗೆ.

ಚಿತ್ರದಲ್ಲಿ ಎಫಿ ಚೇತರಿಸಿಕೊಳ್ಳುತ್ತಾಳೆ. ಆದರೆ ಈ ಕಥೆಗೆ ಪ್ರೇರಣೆಯಾದ ‘ಸುಪ್ರೀಮ್ಸ್’ ತಂಡದಿಂದ 1967ರಲ್ಲಿ ಹೊರಬಿದ್ದ ಫ್ಲಾರೆನ್ಸ್ ಬಲ್ಲಾರ್ಡ್ ಬಡತನ ಕಂಡು, 1976ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡರು.

ಎಫಿಯಾಗಿ ಹಾಡಿದ ಜೆನಿಫರ್ ಹಡ್ಸನ್ ಷಿಕಾಗೋದ ಚರ್ಚೊಂದರ ಗಾನವೃಂದದಲ್ಲಿ ಬೆಳೆದವರು. 2004ರ ‘ಅಮೆರಿಕನ್ ಐಡಲ್’ ಸ್ಪರ್ಧೆಯಲ್ಲಿ ಏಳನೆಯ ಸ್ಥಾನಕ್ಕೇ ಹೊರಬಿದ್ದಿದ್ದರು. 2007ರಲ್ಲಿ ಈ ಪಾತ್ರಕ್ಕೆ ಆಸ್ಕರ್ ಪಡೆದರು.