ಕಾಯಿಲೆಯ ಒತ್ತುವರಿ

‘ಡಾಕ್ಟ್ರೇ, ಸಕ್ಕರೆ ಎಷ್ಟಿದೆ?’ ಮುತ್ತಿನಕೊಪ್ಪದ ನನ್ನ ಕ್ಲಿನಿಕ್‌ಗೆ ಬರುವ ಮಧುಮೇಹಿಗಳ ಮೊದಲ ಪ್ರಶ್ನೆ ಇದು. ಉತ್ತರ ಹೇಳಿ, ಮಾತ್ರೆಯನ್ನು ಅರ್ಧ ಏರಿಸಿಯೋ ಇಳಿಸಿಯೋ, ‘ಅನ್ನ ಕಡಿಮೆ ಮಾಡಿ’ ಎಂದರೆ ಐದು ನಿಮಿಷದಲ್ಲಿ ಭೇಟಿ ಮುಗಿಯುತ್ತದೆ. ರಕ್ತದೊತ್ತಡ, ಸಂಧಿವಾತದವರ ಪಾಡೂ ಇಷ್ಟೇ. ವರ್ಷಗಟ್ಟಲೆ ಬರುವ ಇವರನ್ನು ನಾವು ವೈದ್ಯರು ಕೇಳದೇ ಬಿಡುವ ಒಂದು ಪ್ರಶ್ನೆಯಿದೆ.

ಸಂಧಿವಾತದ ಒಬ್ಬ ಹಿರಿಯ ಮಹಿಳೆ ಹಲವು ವರ್ಷಗಳಿಂದ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಕೀಲುಗಳ ಊತ ಇಳಿದಿತ್ತು, ರಕ್ತದ ವರದಿಯೂ ಸಮಾಧಾನಕರ. ಆದರೂ ಪ್ರತಿ ತಿಂಗಳು ಮೈಕೈ ನೋವು, ನಿದ್ದೆ ಇಲ್ಲ, ಎದೆ ಭಾರ ಎಂಬ ದೂರು. ನಾನು ಒಂದೊಂದೇ ಮಾತ್ರೆ ಸೇರಿಸುತ್ತಾ ಹೋದೆ. ಒಮ್ಮೆ ಜೊತೆಗೆ ಬಂದ ಸೊಸೆ ಹೇಳಿದರು: ‘ಅತ್ತೆ ಎಲ್ಲಿಗೂ ಹೋಗೋದಿಲ್ಲ ಡಾಕ್ಟ್ರೇ. ಭಜನೆ ಬಿಟ್ಟರು. ಅಡಿಕೆ ಸುಲಿಯೋಕೂ ಕೂರೋದಿಲ್ಲ. ಮದುವೆಮನೆಗೆ ಕರೆದರೆ, ಕೈ ಕೆಲಸಕ್ಕೆ ಆಗದವಳು ಹೋಗಿ ಬರೀ ಉಂಡು ಬರೋದು ಹೇಗೆ ಅಂತಾರೆ.’ ಅಷ್ಟು ವರ್ಷದಲ್ಲಿ ನಾನು ಇದನ್ನು ಕೇಳಿರಲೇ ಇಲ್ಲ.

ಕೇಳಬೇಕೆಂದು ಜೀವಮಾನವಿಡೀ ಹೇಳಿದವರು ಕೆನಡಾದ ಆರೋಗ್ಯ ಮನೋವಿಜ್ಞಾನಿ ಜೆರಾಲ್ಡ್ ಡೆವಿನ್ಸ್. ಮೂತ್ರಪಿಂಡ ವಿಫಲರಾದವರ ಮನಸ್ಥಿತಿಯ ಬಗ್ಗೆ 1983ರಲ್ಲಿ ಇವರ ತಂಡ ಪ್ರಕಟಿಸಿದ ಅಧ್ಯಯನದ ತಿರುಳು ಸರಳ. ದೀರ್ಘಕಾಲದ ಕಾಯಿಲೆ, ಅದರ ಚಿಕಿತ್ಸೆಯೂ ಸೇರಿ, ರೋಗಿಗೆ ಬೇಕಾದ ಕೆಲಸ, ಸಂಬಂಧ, ಸಂತೋಷಗಳ ಜಾಗವನ್ನು ಆಕ್ರಮಿಸುತ್ತದೆ. ಕುಗ್ಗುವಿಕೆಯ ಬೇರು ಇಲ್ಲಿದೆ. ನಮ್ಮ ಮಲೆನಾಡಿನ ಮಾತಿನಲ್ಲಿ ಇದು ಒತ್ತುವರಿ! ಅದನ್ನು ಅಳೆಯಲು ಅವರು ಮಾಡಿದ ಪ್ರಶ್ನಾವಳಿಯಲ್ಲಿ 13 ಅಂಶಗಳಿವೆ. ಊಟ, ದುಡಿಮೆ, ಹಣಕಾಸು, ದಾಂಪತ್ಯ, ನೆಂಟರಿಷ್ಟರು, ದೇವರ ಕಾರ್ಯ, ಊರಿನ ಕೆಲಸ ಎಲ್ಲವೂ ಅದರಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ನಮ್ಮ ಅಜ್ಜ-ಅಜ್ಜಿಯರಿಗೆ ಅಂಕ ಕೊಡಿ ಎಂದರೆ ನಗುತ್ತಾರೆ, ಬಾಯಿಮಾತಿನಲ್ಲಿ ಕೇಳಿದರೂ ಸಾಕು.

ವಿದೇಶದ ಮಾತು ನಮಗೇಕೆ ಎನ್ನಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್, ಡಾ. ಎಸ್.ಎಂ. ಚನ್ನಬಸವಣ್ಣ, ಜೊತೆಗೆ ಮಿಚೆಲ್ ವೈಸ್ ಹಾಗೂ ಇದೇ ಡೆವಿನ್ಸ್ ಸೇರಿ 1996ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವರಿಗೆ ಕಳಂಕದ ಅಂಜಿಕೆಯೂ ಹೆಚ್ಚು, ಮೈನೋವಿನಂಥ ದೇಹದ ಲಕ್ಷಣಗಳಿಗೆ ಆ ಅಂಜಿಕೆ ಕಡಿಮೆ ಎಂದು ಅದರಲ್ಲಿ ಕಂಡುಬಂತು. ಮೈನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಳ್ಳಬಹುದು. ಬೇಸರವನ್ನು ಹೇಳಿದರೆ ಜನ ಏನೆನ್ನುತ್ತಾರೋ! ಹೀಗಾಗಿ ದುಃಖ ನಮ್ಮ ಬಳಿ ಸೊಂಟನೋವಾಗಿ ಬರುತ್ತದೆ, ನಾವು ಮುಲಾಮು ಬರೆಯುತ್ತೇವೆ.

ಎಂಬಿಬಿಎಸ್ ಓದುವಾಗ ನಾನು ಮನೋವೈದ್ಯ ವಿಭಾಗಕ್ಕೆ ಹೋಗಿ ಬಂದದ್ದು ಬೆರಳೆಣಿಕೆಯ ದಿನಗಳು. ನಮ್ಮ ಕೊಪ್ಪ, ನರಸಿಂಹರಾಜಪುರದ ಕಡೆ ಆರೋಗ್ಯ ಮನೋವಿಜ್ಞಾನಿ ಎಂಬ ಬೋರ್ಡನ್ನು ನಾನು ನೋಡಿಲ್ಲ. ಅವರು ಬರಲಿ ಎಂದು ಕಾಯುವ ಬದಲು ಸಾಮಾನ್ಯ ವೈದ್ಯರೇ ಈ ಪ್ರಶ್ನೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ‘ಈ ಕಾಯಿಲೆಯಿಂದ ಏನೇನು ಬಿಟ್ಟಿರಿ?’ ಇಷ್ಟೇ. ಎರಡು ನಿಮಿಷ ಹೆಚ್ಚು ಹಿಡಿದೀತು. ಹೊರಗೆ ಕಾದಿರುವವರು ಗೊಣಗಲಿ ಬಿಡಿ.

ಮನೆಯವರೂ ಗಮನಿಸಬೇಕು. ‘ನೀವು ಸುಮ್ಮನೆ ಕೂತಿರಿ’ ಎನ್ನುವುದು ಪ್ರೀತಿಯ ಮಾತೇ ಆದರೂ ಅದರಿಂದ ಒತ್ತುವರಿ ಇನ್ನಷ್ಟು ಮುಂದೊತ್ತುತ್ತದೆ. ಬಿಟ್ಟದ್ದರಲ್ಲಿ ಯಾವುದನ್ನು ಸ್ವಲ್ಪ ಬದಲಿಸಿ ಮರಳಿ ಹಿಡಿಯಬಹುದು ಎಂದು ರೋಗಿಯನ್ನೇ ಕೇಳಿ. ಔಷಧಿಯನ್ನು ಮಾತ್ರ ನಿಲ್ಲಿಸಬೇಡಿ. ಎರಡು ವಾರ ದಾಟಿದರೂ ಬೇಸರ, ನಿರಾಸಕ್ತಿ ಹೋಗದಿದ್ದರೆ ವೈದ್ಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಮಹಿಳೆಗೆ ಮನೆಯವರು ಕಳೆದ ಸುಗ್ಗಿಯಲ್ಲಿ ಸುಲಿಯುವ ಜಾಗದಲ್ಲೇ ಒಂದು ಕುರ್ಚಿ ಹಾಕಿಕೊಟ್ಟರು. ಮೆಟ್ಟುಗತ್ತಿ ಮುಟ್ಟುವುದಿಲ್ಲ, ಹಣ್ಣಡಿಕೆಯನ್ನು ಆರಿಸಿ ಬೇರೆ ಮಾಡುತ್ತಾರೆ, ರಾತ್ರಿ ಒಂಬತ್ತರವರೆಗೆ ಊರಿನ ಸುದ್ದಿ ಮಾತಾಡುತ್ತಾರೆ. ನೋವು ಇದ್ದೇ ಇದೆ. ನಿದ್ದೆಯ ಮಾತ್ರೆಯನ್ನು ಮಾತ್ರ ನಾನು ಕ್ರಮೇಣ ಇಳಿಸಿ ನಿಲ್ಲಿಸಿದ್ದೇನೆ.